ಎರಡು ಎಡಗೈಯ ರೆಟ್ರೋ

ಮಗಳ ಕಾಲೇಜಿನಲ್ಲಿ ‘ರೆಟ್ರೋ ಡೇ’ ಅಂತ ಒಂದು ದಿನ ಇಟ್ಟರು. ಎಲ್ಲರೂ ಎಂಬತ್ತರ ದಶಕದ ಬಟ್ಟೆಯಲ್ಲಿ ಬರಬೇಕಂತೆ. ಈ ಮಕ್ಕಳೆಲ್ಲ ಹುಟ್ಟಿದ್ದೇ 2005ರ ನಂತರ. ನಮಗೆ ವಿಜಯನಗರ ಸಾಮ್ರಾಜ್ಯ ಹೇಗೋ, ಅವರಿಗೆ ಎಂಬತ್ತರ ದಶಕ ಹಾಗೆ. ಕೇಳಿ ಗೊತ್ತು, ಫೋಟೋ ನೋಡಿ ಗೊತ್ತು, ಅಲ್ಲಿ ಎಲ್ಲ ಚೆನ್ನಾಗಿತ್ತು ಅನ್ನುವ ನಂಬಿಕೆ ಉಂಟು.

ನಾನು ಆ ದಶಕವನ್ನು ಖುದ್ದಾಗಿ ನೋಡಿದವಳು. 1984ರಲ್ಲಿ ಕಾಸರಗೋಡು ಜಿಲ್ಲೆಯಾದಾಗ ನಾನು ಎರಡನೇ ಕ್ಲಾಸು. ಆಗ ನಮ್ಮ ಬದಿಯಡ್ಕ ಕಡೆ ಫ್ಯಾಷನ್ ಬರುತ್ತಿದ್ದದ್ದು ದುಬೈಯಿಂದ. ಯಾರಾದರೂ ಗಲ್ಫಿನಿಂದ ರಜೆಗೆ ಬಂದರೆ ಒಂದು ದೊಡ್ಡ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಸೆಂಟಿನ ಪರಿಮಳ ಹತ್ತಿದ ಒಂದು ‘ಫಾರಿನ್ ಪೀಸ್’. ಆ ಬಟ್ಟೆಯ ತಾನು ಹಂಚಿ ಹೋಗಿ, ಮುಂದಿನ ಜಾತ್ರೆಗೆ ಇಡೀ ಊರಿನ ಹೆಂಗಸರು ಒಂದೇ ಹೂವಿನ ರವಿಕೆಯಲ್ಲಿ ಕಾಣಿಸುತ್ತಿದ್ದರು. ದೂರದಿಂದ ನೋಡಿದವರಿಗೆ ಯಾವುದೋ ಬ್ಯಾಂಡ್ ಸೆಟ್ಟಿನವರು ಅನ್ನಿಸಬೇಕು.

ಹಾಗಾಗಿ ಚಿಂತೆ ಮಾಡಲಿಲ್ಲ. ಅತ್ತೆಯ ಟ್ರಂಕಿನಲ್ಲಿ ಬೇಕಾದಷ್ಟು ಎಂಬತ್ತರ ದಶಕ ಇತ್ತು. ಅತ್ತೆಗೆ ಈಗ 78. ಕೇಳಿದ ಕೂಡಲೇ ಟ್ರಂಕು ತೆರೆದರು. ನುಸಿಗುಳಿಗೆಯ ಘಾಟಿನ ನಡುವಿನಿಂದ ಪಫ್ ಕೈಯ ರುಬಿಯಾ ಬಟ್ಟೆಯ ರವಿಕೆ, ಅದಕ್ಕೆ ಹೊಂದುವ ಚುಕ್ಕಿ ಸೀರೆ, ಎರಡೂ ಬಂದವು. ಮಗಳು ಎರಡು ಬೆರಳಲ್ಲಿ ಎತ್ತಿ ನೋಡಿದಳು.

“ಅಮ್ಮಾ, ಇದು ರೆಟ್ರೋ ಅಲ್ಲ. ಇದು ಹಳತು.”

ವ್ಯತ್ಯಾಸ ಎಂತ ಅಂತ ಕೇಳಿದೆ. ಪೇಟೆಗೆ ಬಾ, ತೋರಿಸ್ತೇನೆ ಅಂದಳು.

ಕಾಸರಗೋಡು ಪೇಟೆಯ ಆ ಅಂಗಡಿಯ ಒಳಗೆ ರೆಟ್ರೋಗೇ ಬೇರೆ ವಿಭಾಗ ಉಂಟು. ಗೋಡೆಗೆ ಒಂದು ಹಳೆಯ ರೇಡಿಯೋ, ಅದು ಹಾಡುವುದಿಲ್ಲ. ಒಂದು ಗ್ರಾಮಫೋನಿನ ಕೊಳವೆ, ಅದಕ್ಕೆ ಪೆಟ್ಟಿಗೆಯೇ ಇಲ್ಲ. ಒಂದು ಹೊಲಿಗೆ ಮಿಷನ್, ಅದಕ್ಕೆ ಬೆಲ್ಟಿಲ್ಲ. ಕೆಲಸ ಮಾಡುವ ವಸ್ತು ಅಂತ ಅಲ್ಲಿದ್ದದ್ದು ಕಾರ್ಡ್ ಉಜ್ಜುವ ಯಂತ್ರ ಒಂದೇ.

ಮಗಳು ತೋರಿಸಿದ್ದು ಚುಕ್ಕಿ ಚುಕ್ಕಿಯ ಫ್ರಾಕು. ಪಫ್ ಕೈ, ದುಂಡು ಕಾಲರ್, ಮುಂದೆ ಆರು ಗುಂಡಿ, ಸೊಂಟದ ಕೆಳಗೆ ಎರಡು ಕಿಸೆ. ಬೆಲೆ 3,499 ರೂಪಾಯಿ. ನಾನು ಆ ಕೈಯನ್ನು ನೋಡಿದೆ. ಅತ್ತೆಯ ರವಿಕೆಯ ಕೈಯೇ. ಅದನ್ನು ಹಿಡಿದು ಗಾಳಿ ತುಂಬಿಸಿದ್ದಾರೆ, ಅಷ್ಟೆ.

ಗುಂಡಿ ಬಿಚ್ಚಲು ಹೋದೆ. ಬರಲಿಲ್ಲ. ಕಾಜವೇ ಇಲ್ಲ, ಆರೂ ಸುಮ್ನೆ ಬಟ್ಟೆಯ ಮೇಲೆ ಕೂತಿವೆ. ಕಿಸೆಗೆ ಕೈ ಹಾಕಿದೆ. ಹೋಗಲಿಲ್ಲ. ಮೇಲಿನ ಮುಚ್ಚಳವನ್ನು ನಾಲ್ಕೂ ಬದಿ ಹೊಲಿದುಬಿಟ್ಟಿದ್ದಾರೆ, ಒಳಗೆ ಚೀಲವೇ ಇಲ್ಲ. ಮೂರೂವರೆ ಸಾವಿರಕ್ಕೆ ಕಿಸೆಯ ಫೋಟೋ! ಅದೇ ಅಂಗಡಿಯ ಗಂಡಸರ ಪ್ಯಾಂಟನ್ನು ತಟ್ಟಿ ನೋಡಿದೆ. ಅದಕ್ಕೆ ಆರು ಕಿಸೆ, ಆರೂ ಅಸಲಿ. ನಮ್ಮ ಅಜ್ಜಿಯಂದಿರು ವೀಳ್ಯದೆಲೆ, ಚಿಲ್ಲರೆ, ಬೀಗದಕೈ ಎಲ್ಲವನ್ನೂ ಸೀರೆಯ ಸೊಂಟಕ್ಕೇ ಸಿಕ್ಕಿಸಿಕೊಂಡು ಊರು ಸುತ್ತುತ್ತಿದ್ದರು. ಅವರ ಹೆಸರಿನಲ್ಲಿ ಮಾರುವ ಬಟ್ಟೆಯಲ್ಲಿ ಒಂದು ಬಸ್ ಟಿಕೆಟ್ ಇಡಲು ಜಾಗ ಇಲ್ಲ.

ಕುತ್ತಿಗೆಯ ಹಿಂದಿನ ಚೀಟಿ ಓದಿದೆ. ‘ಹ್ಯಾಂಡ್‌ಲೂಮ್ ಫೀಲ್’ ಅಂತ ದೊಡ್ಡಕ್ಷರ. ಕೆಳಗೆ ಇರುವೆಯಷ್ಟು ದೊಡ್ಡ ಅಕ್ಷರದಲ್ಲಿ ‘ಪಾಲಿಯೆಸ್ಟರ್ 100%’. ಕಚ್ಚಾ ಎಣ್ಣೆಯಿಂದ ಮಾಡುವ ನೂಲು ಅದು. ಕಾಸರಗೋಡಿನ ಮೇ ತಿಂಗಳ ಸೆಕೆಯಲ್ಲಿ ತೊಟ್ಟರೆ ಫೀಲ್ ಎಂತದ್ದು ಅಂತ ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತದೆ.

ತಮಾಷೆ ಅಂದರೆ, ಇದೇ ಊರಿನ ಹೆಸರಿನಲ್ಲೇ ಕೈಮಗ್ಗದ ಸೀರೆ ಉಂಟು. ಕಾಸರಗೋಡು ಸೀರೆ. ಅಪ್ಪಟ ಹತ್ತಿ, ಒಗೆದರೂ ಬಣ್ಣ ಬಿಡದು, ಈ ಊರಿನದೇ ಅಂತ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬೇರೆ. ನೇಯುವವರು ಈಗ ಕೆಲವೇ ಮಂದಿ, ಅವರಿಗೂ ವಯಸ್ಸಾಗಿದೆ. ಅಲ್ಲಿಗೆ ಹೋಗುವವರು ಕಡಿಮೆ. ಯಾಕೆಂದರೆ ಅಲ್ಲಿ ‘ಹ್ಯಾಂಡ್‌ಲೂಮ್ ಫೀಲ್’ ಸಿಗುವುದಿಲ್ಲ, ಬರೀ ಹ್ಯಾಂಡ್‌ಲೂಮ್ ಸಿಗುತ್ತದೆ.

ಪಕ್ಕದಲ್ಲಿ ಒಂದು ಖಾಕಿ ಜಾಕೆಟು ನೇತಾಡುತ್ತಿತ್ತು. ‘ಬ್ರಿಟಿಷ್ ಹೆರಿಟೇಜ್’ ಅಂತೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಷನ್ನಿನವರು ನೇಯ್ಗೆ ಶುರು ಮಾಡಿದರು. ಅಲ್ಲಿದ್ದ ಹಾಲರ್ ಎಂಬ ನೇಕಾರನೇ ಖಾಕಿ ಬಣ್ಣ ಕಂಡುಹಿಡಿದದ್ದು ಅಂತ ಮಂಗಳೂರಿನವರು ಎದೆ ತಟ್ಟಿ ಹೇಳುತ್ತಾರೆ. ಅದಕ್ಕೂ ಮೊದಲೇ ಪೇಶಾವರದ ಕಡೆಯ ಸೈನಿಕರು ತೊಟ್ಟಿದ್ದರು ಅನ್ನುವವರೂ ಇದ್ದಾರೆ. ಜಗಳ ಇರುವುದು ಮಂಗಳೂರಿಗೂ ಪೇಶಾವರಕ್ಕೂ. ಲಂಡನ್ ನಡುವೆ ಎಲ್ಲಿಂದ ಬಂತೋ! ‘ಕ್ಯಾಲಿಕೊ ಟಾಪ್’ ಅಂತ ಇನ್ನೊಂದು ಇತ್ತು. ಕ್ಯಾಲಿಕೊ ಅಂದರೆ ಕಲ್ಲಿಕೋಟೆ, ನಮ್ಮ ಸ್ಟೇಷನಿನಲ್ಲಿ ರೈಲು ಹತ್ತಿದರೆ ಮೂರು ಚಿಲ್ಲರೆ ಗಂಟೆ. ಡುಂಗರಿ ಚಡ್ಡಿಗೆ ಹೆಸರು ಕೊಟ್ಟದ್ದು ಮುಂಬಯಿಯ ಡೋಂಗ್ರಿ. ಒಟ್ಟಿನಲ್ಲಿ ನಮ್ಮ ಕರಾವಳಿಯಿಂದ ಹಡಗು ಹತ್ತಿ ಹೋದದ್ದೆಲ್ಲ ಬಾರ್‌ಕೋಡ್ ಅಂಟಿಸಿಕೊಂಡು ವಾಪಸ್ ಬಂದು ಕೂತಿದೆ.

“ಇಪ್ಪೊ ಇದಾಣ್ ಟ್ರೆಂಡ್, ಚೇಚೀ,” ಅಂದಳು ಅಂಗಡಿಯ ಹುಡುಗಿ. ಈಗ ಇದೇ ಟ್ರೆಂಡ್ ಅಕ್ಕಾ, ಅಂತ. ಬೆಲೆ ಜಾಸ್ತಿಯಾಯಿತು ಅಂದೆ. ಟ್ಯಾಕ್ಸೂ ಸೇರಿದೆ ಅಂದಳು. ಲೆಕ್ಕ ಹಾಕಿದೆ. 2025ರ ಸೆಪ್ಟೆಂಬರ್ 22ರ ನಂತರ 2,500 ರೂಪಾಯಿ ದಾಟಿದ ಬಟ್ಟೆಗೆ ಶೇಕಡ 18 ಜಿಎಸ್‌ಟಿ, ಅದರೊಳಗಿದ್ದರೆ ಶೇಕಡ 5. ಅಂದರೆ ಈ ಫ್ರಾಕಿನಲ್ಲಿ ಸುಮಾರು 534 ರೂಪಾಯಿ ಬರೀ ತೆರಿಗೆ. ಆ ದುಡ್ಡಿಗೆ ಮೂರು ಮೀಟರ್ ಒಳ್ಳೆ ಹತ್ತಿ ಬಟ್ಟೆ ಬರುತ್ತದೆ. ಹಳೆಯ ಕಾಲವನ್ನು ನೆನೆಯುವುದು ಐಷಾರಾಮ ಅಂತ ಸರ್ಕಾರಕ್ಕೂ ಗೊತ್ತಾಗಿದೆ!

ಅಲ್ಲೇ ತೀರ್ಮಾನ ಮಾಡಿದೆ. ಇದನ್ನು ನಾನೇ ಹೊಲಿಯುತ್ತೇನೆ. ಮಗಳನ್ನು ಫ್ರಾಕಿನ ಸಮೇತ ಟ್ರಯಲ್ ರೂಮಿಗೆ ನುಗ್ಗಿಸಿ ಹಿಂದೆ ನಾನೂ ನುಗ್ಗಿದೆ. ಬ್ಯಾಗಿನಲ್ಲಿ ಟೇಪ್ ಇತ್ತು. ಎದೆ, ಸೊಂಟ, ಉದ್ದ, ಕೈಯ ಸುತ್ತು, ಎಲ್ಲ ಅಳೆದೆ. ಬರೆದುಕೊಳ್ಳಲು ಕಾಗದ ಇರಲಿಲ್ಲ, ಅಂಗೈ ಮೇಲೆ ಪೆನ್ನಿನಲ್ಲಿ ಗೀಚಿಕೊಂಡೆ. ಹೊರಗೆ ಬಂದಾಗ ಆ ಹುಡುಗಿ ನನ್ನ ಕೈ ನೋಡಿ ನಕ್ಕಳು. ನಮ್ಮಂಥ ಚೇಚಿಯರನ್ನು ಅವಳು ದಿನಕ್ಕೆ ಹತ್ತು ಜನ ನೋಡುತ್ತಾಳೋ ಏನೋ.

ಇನ್ನು ನನ್ನ ಮಿಷನ್ ವಿಷಯ. ತವರಿನವರು ಕೊಟ್ಟ ಕಾಲು ಮಿಷನ್. ಮಳೆ ಬಂದರೆ ಅದರ ಚರ್ಮದ ಬೆಲ್ಟು ಸಡಿಲವಾಗಿ ಚಕ್ರ ಒಂದು ಕಡೆ, ನಾನು ಒಂದು ಕಡೆ. ಆದರೂ ಅಂಗಡಿಯ ಗೋಡೆಯ ಮಿಷನ್ನಿಗಿಂತ ವಾಸಿ, ಹೊಲಿಯುತ್ತದೆ.

ಅಳತೆಗೆ ಪೇಪರ್ ಕಟಿಂಗ್ ಮಾಡಬೇಕಲ್ಲ. ನಮ್ಮ ಮನೆಗೆ ಎರಡು ಪೇಪರ್ ಬರುತ್ತದೆ, ಒಂದು ಕನ್ನಡ, ಒಂದು ಮಲಯಾಳ. ಕೈಗೆ ಸಿಕ್ಕಿದ್ದನ್ನು ಹಾಸಿ ಕತ್ತರಿಸಿದೆ. ಮುಗಿದ ಮೇಲೆ ನೋಡಿದರೆ ಫ್ರಾಕಿನ ಮುಂಭಾಗ ಪೂರ್ತಿ ಮಲಯಾಳ, ಹಿಂಭಾಗ ಕನ್ನಡ. ನಮ್ಮ ಸರ್ಕಾರಿ ಆಫೀಸುಗಳ ಫಾರ್ಮಿನ ಹಾಗೆಯೇ. ಕೆಲವು ಕಡೆ ಹಿಂಭಾಗದಲ್ಲೂ ಕನ್ನಡ ಇರುವುದಿಲ್ಲ, ಆ ಲೆಕ್ಕದಲ್ಲಿ ನನ್ನ ಫ್ರಾಕು ಉದಾರಿ.

ಪಫ್ ಕೈ ಸುಲಭ ಅಂತ ಹೇಳುವವರು ಹೊಲಿದವರಲ್ಲ. ಮಾಮೂಲಿ ಕೈಯ ಕಾಗದವನ್ನು ಮೇಲಿನಿಂದ ಕೆಳಗೆ ನಾಲ್ಕೈದು ಕಡೆ ಸೀಳಬೇಕು. ಬೀಸಣಿಗೆಯಂತೆ ಬಿಡಿಸಿ ಇನ್ನೊಂದು ಕಾಗದಕ್ಕೆ ಅಂಟಿಸಬೇಕು. ಎಷ್ಟು ಬಿಡಿಸುತ್ತೀರೋ ಅಷ್ಟು ಉಬ್ಬು. ಮೇಲೆ ಸ್ವಲ್ಪ ಎತ್ತರವನ್ನೂ ಕೊಡಬೇಕು, ಇಲ್ಲದಿದ್ದರೆ ಉಬ್ಬು ನಿಲ್ಲದೆ ಜೋತು ಬೀಳುತ್ತದೆ. ಬಟ್ಟೆ ಕತ್ತರಿಸಿ, ಹೊಲಿಗೆ ದೊಡ್ಡದಾಗಿ ಇಟ್ಟು ಎರಡು ಸಾಲು ಓಡಿಸಿ, ಬಾಬಿನ್ ನೂಲನ್ನು ಮೆಲ್ಲ ಎಳೆದರೆ ನೆರಿಗೆ ಕೂರುತ್ತದೆ. ಜೋರಾಗಿ ಎಳೆದರೆ ನೂಲು ಕೈಗೆ, ನೆರಿಗೆ ದೇವರಿಗೆ. ನನಗೆ ಮೂರು ಸಲ ದೇವರಿಗೆ ಹೋಯಿತು.

ನಾಲ್ಕನೇ ಸಲ ನೆರಿಗೆ ಕೂತಿತು, ಕೈ ಕೂರಲಿಲ್ಲ. ಕೈಯ ಮುಂದಿನ ಸುತ್ತಿಗೆ ತಗ್ಗು ಜಾಸ್ತಿ, ಹಿಂದೆ ಕಡಿಮೆ. ಹಾಗಾಗಿ ಒಂದನ್ನು ಕತ್ತರಿಸಿದ ಮೇಲೆ ಕಾಗದ ಮಗುಚಿ ಇನ್ನೊಂದನ್ನು ಕತ್ತರಿಸಬೇಕು. ನಾನು ಮಗುಚಲಿಲ್ಲ. ಎರಡೂ ಎಡಗೈ! ಕೇರಳದಲ್ಲಿ ಇದ್ದೂ ಇದ್ದೂ ಹೀಗಾಯಿತೋ ಏನೋ. ಇನ್ನರ್ಧ ಮೀಟರಿಗೆ ಬಸ್ಸು ಹತ್ತಿ ಹೋದರೆ ಆ ತಾನು ಖಾಲಿ. ಎಲ್ಲರಿಗೂ ರೆಟ್ರೋ ಡೇ ಅಲ್ವಾ. ಕೊನೆಗೆ ಇದ್ದ ಎಡಗೈಯನ್ನೇ ಬಲಕ್ಕೆ ಒಗ್ಗಿಸಿದೆ.

ಖರ್ಚು ಹೀಗಾಯಿತು: ಬಟ್ಟೆ 510, ಲೈನಿಂಗ್ 160, ಜಿಪ್ಪು ನೂಲು ಗುಂಡಿ 95, ಕಾಲರಿಗೆ ಕ್ಯಾನ್ವಾಸ್ 40, ಓವರ್‌ಲಾಕ್ 60, ಬಸ್ಸು ಚಹಾ 70. ಒಟ್ಟು 935. ನಾಲ್ಕು ದಿನದ ನನ್ನ ಕೂಲಿ ಸೊನ್ನೆ. ಅಷ್ಟು ಹೊತ್ತು ಅಡಿಕೆ ಸುಲಿಯಲು ಕೂತಿದ್ದರೂ ಕೈಗೆ ಏನಾದರೂ ಬರುತ್ತಿತ್ತು. ಆದರೆ ಕಿಸೆ ಎರಡೂ ನಿಜವಾದದ್ದೇ ಇಟ್ಟೆ, ಮೊಬೈಲ್ ಪೂರ್ತಿ ಮುಳುಗುವಷ್ಟು ಆಳ.

ಮಗಳು ಹಾಕಿ ಕನ್ನಡಿ ನೋಡಿದಳು. ಹೆಮ್ಮಿಂಗ್ ಸ್ವಲ್ಪ ಓರೆ ಉಂಟು ಅಂದಳು. ಅಂಗಡಿಯದ್ದರಲ್ಲೂ ಓರೆ ಇತ್ತಲ್ಲ ಮಾರಾಯ್ತಿ ಅಂದೆ.

“ಅದು ಬೇಕೂಂತ ಓರೆ ಮಾಡಿದ್ದು ಅಮ್ಮಾ. ಹ್ಯಾಂಡ್‌ಮೇಡ್ ಲುಕ್ಕಿಗೆ.”

ಇನ್ನೊಂದು ಬೇಡಿಕೆಯೂ ಇತ್ತು. ಕುತ್ತಿಗೆಯ ಹಿಂದೆ ಲೇಬಲ್ ಬೇಕಂತೆ. ಇಲ್ಲದಿದ್ದರೆ ಮನೆಯಲ್ಲಿ ಹೊಲಿದದ್ದು ಅಂತ ಗೊತ್ತಾಗುತ್ತದಂತೆ. ಎಂಬತ್ತರ ದಶಕದಲ್ಲಿ ನಮ್ಮಲ್ಲಿ ಎಲ್ಲವೂ ಮನೆಯಲ್ಲಿ, ಇಲ್ಲವೇ ಮೂಲೆಯ ಟೈಲರ್ ಹತ್ತಿರ ಹೊಲಿದದ್ದೇ. ಅದನ್ನು ಹೇಳಲು ಹೋಗಲಿಲ್ಲ. ಹಳೆಯ ಬೈರಾಸಿನ, ಅಂದರೆ ಟವೆಲಿನ, ಲೇಬಲ್ ಬಿಚ್ಚಿ ಹಚ್ಚಿಕೊಟ್ಟೆ.

ಶನಿವಾರ ಸಂಜೆ ಸುದ್ದಿ ಬಂತು. ಎರಡು ಎಡಗೈಯ ಕಾರಣದಿಂದ ಬಲ ಭುಜದಲ್ಲಿ ಒಂದು ಸುಕ್ಕು ತಿರುಚಿ ನಿಂತಿತ್ತು. ಬಲಗೈ ಎತ್ತಿದರೆ ಇಡೀ ಫ್ರಾಕು ಮೇಲೆ ಬರುತ್ತದೆ ಅಂತ ಮಗಳು ಇಡೀ ದಿನ ಎಡಗೈಯಲ್ಲೇ ಟಾಟಾ ಮಾಡಿದ್ದಾಳೆ. ತೀರ್ಪುಗಾರರು ಅದನ್ನು ‘ಆ ಕಾಲದ ಕಟ್’ ಅಂತ ಹೊಗಳಿ ಎರಡನೇ ಬಹುಮಾನ ಕೊಟ್ಟರು. ಮೊದಲನೆಯದು ಅಂಗಡಿಯ ಫ್ರಾಕಿನ ಹುಡುಗಿಗೆ. ಈಗ ಮಗಳ ಮೂವರು ಗೆಳತಿಯರಿಗೆ ಆ ಬೈರಾಸಿನ ಕಂಪೆನಿಯ ಫ್ರಾಕು ಎಲ್ಲಿ ಸಿಗುತ್ತದೆ ಅಂತ ತಿಳಿಯಬೇಕಂತೆ.

ಇದನ್ನೆಲ್ಲ ಅತ್ತೆ ಮೂಲೆಯಲ್ಲಿ ಕೂತು ಕೇಳುತ್ತಿದ್ದರು. ಅಂಗಡಿಯಿಂದ ಬಂದ ದಿನವೇ ನನ್ನ ಅಂಗೈ ಲೆಕ್ಕ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: “ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ?” ಕಾಲಿಂಚು ಅಂದಿದ್ದೆ. ಅವರ ರವಿಕೆ ತಿರುಗಿಸಿ ತೋರಿಸಿದ್ದರು. ಒಳಗೆ ಒಂದೂವರೆ ಇಂಚು, ಅದರಲ್ಲಿ ಮೂರು ಹೊಲಿಗೆಯ ಗುರುತು. ಹೊಲಿಸಿದಾಗಿನದು ಒಂದು, ಕೊನೆಯ ಹೆರಿಗೆ ಆದಮೇಲಿನದು ಒಂದು, ಮೂರನೆಯದು ಯಾವಾಗಿನದು ಅಂತ ಹೇಳಲಿಲ್ಲ.

ಮಗಳು ಈಗ ಅಜ್ಜಿಯ ಹತ್ತಿರ ಹೋದಳು. ಮುಂದಿನ ವರ್ಷದ ಥೀಮ್ ‘ವಿಂಟೇಜ್’ ಅಂತೆ, ಅದಕ್ಕೆ ಅಸಲಿ ಹಳತೇ ಆಗಬೇಕಂತೆ.

“ಅಜ್ಜೀ, ಆ ರವಿಕೆ ಕೊಡ್ತೀರಾ?”

“ಅಂಗಡಿಯದ್ದಕ್ಕೆ ಎಷ್ಟು ಹೇಳಿದ್ದು?”

“ಮೂರು ಸಾವಿರದ ನಾನ್ನೂರ ತೊಂಬತ್ತೊಂಬತ್ತು.”

“ಹಾಗಾದರೆ ಇದಕ್ಕೆ ಮೂರೂವರೆ ಸಾವಿರ.”

“ಒಂದು ರೂಪಾಯಿ ಜಾಸ್ತಿ ಎಂತಕ್ಕೆ ಅಜ್ಜೀ?”

“ಒಳಗೆ ಬಟ್ಟೆ ಉಂಟಲ್ಲ,” ಅಂದು ಅತ್ತೆ ಟ್ರಂಕಿಗೆ ಬೀಗ ಹಾಕಿ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.