ಗೋಡೆ ಕಟ್ಟಿ ಕೈ ಬೀಸಿದವನು

ಮುಕ್ಕಾಲು ಗಂಟೆ ಸ್ನೋ ತಳ್ಳಿ, ಮನೆಯಿಂದ ರಸ್ತೆಗೆ ಕಾರು ಇಳಿಯುವ ಡ್ರೈವ್‌ವೇ ಅಂಚನ್ನು ಗೆರೆ ಎಳೆದ ಹಾಗೆ ತೀಡಿ, ಸೊಂಟಕ್ಕೆ ಕೈಕೊಟ್ಟು ನಿಂತು 'ಪರವಾಗಿಲ್ಲ' ಅಂದುಕೊಳ್ಳುವ ಒಂದು ನಿಮಿಷ ಇದೆಯಲ್ಲ, ಸರಿಯಾಗಿ ಆ ನಿಮಿಷಕ್ಕೇ ತಿರುವಿನಲ್ಲಿ ಹಳದಿ ದೀಪ ಮಿನುಗುತ್ತದೆ. ರಸ್ತೆಯ ಸ್ನೋ ಬಾಚುವ ಲಾರಿ, ಪ್ಲೋ, ಬಂತು. ರಸ್ತೆಯ ಸ್ನೋವನ್ನೆಲ್ಲ ಬಾಚಿ ತಂದು ಡ್ರೈವ್‌ವೇ ಬಾಯಿಗೆ ಮೊಣಕಾಲೆತ್ತರಕ್ಕೆ ಮೆತ್ತಿ ಮುಂದೆ ಹೋಯಿತು. ಈ ವಾರದಲ್ಲಿ ಇದು ನಾಲ್ಕನೇ ಸಲ. ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು, ಹೋಗುವಾಗ ಡ್ರೈವರ್ ಮಹಾಶಯ ಕೈ ಬೀಸುವುದು.

ಊರು ಅಮೆರಿಕದ ಮಿಷಿಗನ್ ರಾಜ್ಯದ ಉತ್ತರದ ತುದಿಯ ಹೋಟನ್. ಸ್ಪೆಲಿಂಗ್ ನೋಡಿ ಹೌಟನ್ ಅಂದರೆ ಹೊಸಬರು ಅಂತ ಗೊತ್ತಾಗಿಬಿಡುತ್ತದೆ. ಜನ ಎಂಟು ಸಾವಿರ ಚಿಲ್ಲರೆ, ಸ್ನೋ ಮಾತ್ರ ಮಹಾನಗರಕ್ಕಾಗುವಷ್ಟು. ವಾಯವ್ಯದಿಂದ ಬರುವ ಒಣ ಚಳಿಗಾಳಿ ಸುಪೀರಿಯರ್ ಸರೋವರದ ಮೇಲೆ ಹಾಯುವಾಗ, ತನಗಿಂತ ಬೆಚ್ಚಗಿರುವ ಆ ನೀರಿನಿಂದ ತೇವ ಹೀರಿಕೊಳ್ಳುತ್ತದೆ. ನೆಲ ಸಿಕ್ಕಿ, ಗುಡ್ಡ ಹತ್ತಿದ ಕೂಡಲೇ ಸುರಿಯುತ್ತದೆ. ಸರೋವರ ಪೂರ್ತಿ ಹೆಪ್ಪುಗಟ್ಟಿದರೆ ಈ ವ್ಯಾಪಾರ ನಿಲ್ಲಬೇಕು, ಆದರೆ ಅದು ಪೂರ್ತಿ ಹೆಪ್ಪುಗಟ್ಟುವುದೇ ಅಪರೂಪ. ಚಳಿಗಾಲಕ್ಕೆ 200 ಇಂಚು ಇಲ್ಲಿ ಸುದ್ದಿಯೇ ಅಲ್ಲ. ಊರಿರುವ ಕೀವಿನಾ ಪರ್ಯಾಯದ್ವೀಪದ ದಾಖಲೆ 1978-79ರದು, 390.4 ಇಂಚು. ಅದನ್ನು ತೋರಿಸಲು ಹೆದ್ದಾರಿ ಪಕ್ಕ ಥರ್ಮಾಮೀಟರಿನ ಹಾಗೆ ಒಂದು ದೊಡ್ಡ ಅಳತೆಕೋಲನ್ನೇ ನಿಲ್ಲಿಸಿದ್ದಾರೆ. ಜನ ಅದರ ಕೆಳಗೆ ನಿಂತು ನಗುತ್ತಾ ಫೋಟೋ ತೆಗೆಸಿಕೊಳ್ಳುತ್ತಾರೆ.

ಬೆಂಗಳೂರಿನಿಂದ ವಿಡಿಯೋ ಕಾಲ್ ಮಾಡಿ "ಸ್ನೋ ತೋರಿಸು, ಎಷ್ಟು ಚೆಂದ, ಹತ್ತಿಯ ಹಾಗಿದೆ" ಅನ್ನುವವರಿಗೆ ಒಂದು ಲೆಕ್ಕ. ಆಗಷ್ಟೇ ಬಿದ್ದ ಸ್ನೋ ನಿಜಕ್ಕೂ ಹತ್ತಿಯೇ, ಒಂದು ಘನ ಮೀಟರಿಗೆ ಐವತ್ತು ಕಿಲೋ ಆದೀತು. ಪ್ಲೋ ಒತ್ತಿ, ಉರುಳಿಸಿ, ಉಪ್ಪಿನ ರೊಜ್ಜು ಬೆರೆಸಿ ತಂದಿಟ್ಟದ್ದು ಮುನ್ನೂರರ ಮೇಲೆ. ಹನ್ನೆರಡು ಅಡಿ ಅಗಲದ ಡ್ರೈವ್‌ವೇ ಬಾಯಿಗೆ ಎರಡಡಿ ಎತ್ತರದ ಗೋಡೆ ಬಿತ್ತೆಂದರೆ ಹತ್ತಿರ ಹತ್ತಿರ ಒಂದು ಘನ ಮೀಟರ್. ಅಂದರೆ ಆರು ಮೂಟೆ ಅಕ್ಕಿ ಇಳಿಸಿ ಹೋದ ಹಾಗೆ. ಒಳಗೆ ಹೋಗಿ ಕಾಫಿ ಕುಡಿದು ಬರೋಣವೆಂದರೆ ಅಷ್ಟರಲ್ಲಿ ಕಣಕ್ಕೆ ಕಣ ಬೆಸೆದುಕೊಂಡು ಸಿಮೆಂಟಾಗಿರುತ್ತದೆ.

ಇನ್ನು ಆ ಕೈ. ಪೂರ್ತಿ ಕೈಯೂ ಅಲ್ಲ, ಸ್ಟಿಯರಿಂಗ್ ಮೇಲಿಂದ ಎರಡೇ ಬೆರಳು. ಮದುವೆಮನೆಯಲ್ಲಿ ಗಂಡಿನ ಕಡೆಯ ಹಿರಿಯರು ದೂರದಿಂದಲೇ 'ಊಟ ಆಯ್ತೇ' ಎಂದು ಸನ್ನೆ ಮಾಡುತ್ತಾರಲ್ಲ, ಆ ಗತ್ತು. ಮಿಡ್‌ವೆಸ್ಟಿನಲ್ಲಿ ಕೈ ಬೀಸಿದವರಿಗೆ ತಿರುಗಿ ಬೀಸದಿರುವುದು ಮಹಾಪರಾಧ. ಆದರೆ ಹೇಗೆ ಬೀಸುವುದು? ಸಲಿಕೆ ಸಮೇತ ಎತ್ತಿದರೆ ಹೊಡೆಯಲು ಬಂದಂತೆ ಕಾಣುತ್ತದೆ. ಸಲಿಕೆ ಕೆಳಗಿಟ್ಟು ಎತ್ತಿದರೆ ಶರಣಾದ ಹಾಗೆ. ಎಡಗೈ ಎತ್ತೋಣವೆಂದರೆ ಅಮ್ಮ ಕಲಿಸಿದ ಮರ್ಯಾದೆ ಅಡ್ಡ ಬರುತ್ತದೆ. ಹೀಗೆ ಯೋಚಿಸುತ್ತಾ, ಆರು ಮೂಟೆಯ ಹಿಂದೆ ನಿಂತು, ಹೆಪ್ಪುಗಟ್ಟಿದ ಮುಖದಲ್ಲೇ ನಗು ತಂದುಕೊಂಡು 'ಥ್ಯಾಂಕ್ಸ್' ಎಂದು ಬೇರೆ ಹೇಳಿಬಿಡುತ್ತೇವೆ! ಬೈಯಲೂ ಬಾಯಿ ಬರುವುದಿಲ್ಲ. ಊರೆಲ್ಲ ಮಲಗಿದ್ದಾಗ ಎದ್ದು ಬಂದ ಮನುಷ್ಯ. ಮನೆಮನೆ ಮುಂದೆಯೂ ಬ್ಲೇಡ್ ಎತ್ತಿ ಇಳಿಸುತ್ತಾ ಹೋದರೆ ಊರು ಮುಗಿಯುವಷ್ಟರಲ್ಲಿ ಏಪ್ರಿಲ್ ಬಂದಿರುತ್ತದೆ.

ನಾವು ಅದನ್ನು ಎತ್ತಿ ರಸ್ತೆಗೇ ಹಾಕಿದರೆ? ಮಿಷಿಗನ್ ಕಾನೂನಿನಲ್ಲಿ ಅದು ತಪ್ಪು, ದಂಡ ಬೀಳುತ್ತದೆ. ರಸ್ತೆಯದು ನಮ್ಮ ಬಾಗಿಲಿಗೆ ಬಂದರೆ ಸೇವೆ, ನಮ್ಮದು ರಸ್ತೆಗೆ ಹೋದರೆ ಅಪರಾಧ.

ಒಂದು ಉಪಾಯವಿದೆ. ಬ್ಲೇಡ್ ಬಲಕ್ಕೆ ಓರೆಯಾಗಿರುವುದರಿಂದ ಖಾಲಿ ಜಾಗ ಸಿಕ್ಕಲ್ಲಿ ಪ್ಲೋ ಹೊರೆ ಇಳಿಸುತ್ತದೆ. ಅದಕ್ಕೆ ಸಿಗುವ ಮೊದಲ ಖಾಲಿ ಜಾಗವೇ ನಮ್ಮ ಡ್ರೈವ್‌ವೇ. ಹಾಗಾಗಿ ಅದಕ್ಕೂ ಮುಂಚೆ ಇನ್ನೊಂದನ್ನು ಒದಗಿಸಬೇಕು. ರಸ್ತೆಗೆ ಮುಖ ಮಾಡಿ ನಿಂತರೆ ಎಡಗಡೆಗೆ, ರಸ್ತೆಯಂಚಿನಲ್ಲಿ ಹತ್ತಡಿ ಉದ್ದ, ಮೂರು ನಾಲ್ಕಡಿ ಅಗಲ ತೋಡಿಡಿ. ಪ್ಲೋ ಬರುವುದು ಆ ಕಡೆಯಿಂದಲೇ. ತೆಗೆದ ಸ್ನೋ ಬಲಕ್ಕೇ ಹಾಕಿ, ಎಡಕ್ಕೆ ಹಾಕಿದರೆ ಅದನ್ನೂ ಬಾಚಿ ತಂದು ನಿಮಗೇ ಒಪ್ಪಿಸುತ್ತಾನೆ. ಗೋಡೆ ಪೂರ್ತಿ ತಪ್ಪುವುದಿಲ್ಲ, ಸಣ್ಣದಾಗುತ್ತದೆ.

ಸಲಿಕೆಯಲ್ಲಿ ಎತ್ತಿ ಎಸೆಯುವುದು ಹೊಸಬರ ಚಾಳಿ. ಇಲ್ಲಿನವರ ಕೈಯಲ್ಲಿರುವುದು ಸ್ಕೂಪ್, ಉದ್ದ ಹಿಡಿಯ ಅಗಲ ತಗಡಿನ ಮೊರ. ಎತ್ತುವ ಹಾಗಿಲ್ಲ, ತುಂಬಿಸಿ ಜಾರಿಸಿಕೊಂಡು ಹೋಗಿ ಸುರಿಯಬೇಕು. ಒಳಗೆ ಕಾಟನ್ ಬನಿಯನ್ ಬೇಡ, ಬೆವರು ಕುಡಿದು ಬೆನ್ನಿಗೆ ಐಸ್ ಕಟ್ಟುತ್ತದೆ. ಸ್ನೋ ನುಂಗಿ ದೂರ ಉಗುಳುವ ಯಂತ್ರ, ಸ್ನೋಬ್ಲೋವರ್, ಕೊಂಡ ಶ್ರೀಮಂತರೂ ನಿಶ್ಚಿಂತರಲ್ಲ. ಪ್ಲೋ ಇಟ್ಟ ಗೋಡೆಯೊಳಗಿನ ಐಸ್ ಗಡ್ಡೆ ಸಿಕ್ಕಿದರೆ ಅದರ ಶಿಯರ್ ಪಿನ್ ಎಂಬ ಮೆದು ಬೋಲ್ಟ್ ತುಂಡಾಗುತ್ತದೆ. ತುಂಡಾಗಲೆಂದೇ ಅದನ್ನಿಟ್ಟಿರುವುದು. ಅದರ ಜಾಗಕ್ಕೆ ಕೈಗೆ ಸಿಕ್ಕ ಗಟ್ಟಿ ಬೋಲ್ಟ್ ಹಾಕಿ ಜಾಣರಾದರೆ ಮುಂದಿನ ಸಲ ಹೋಗುವುದು ಗೇರ್‌ಬಾಕ್ಸ್. ಯಂತ್ರದ ಬಾಯಿ ಕಟ್ಟಿಕೊಂಡರೆ ಎಂಜಿನ್ ಆರಿಸಿ, ಕೋಲಿನಿಂದ ಬಿಡಿಸಬೇಕು, ಕೈ ಹಾಕಲೇಬಾರದು.

ತಮಾಷೆಯೆಂದರೆ, ಬೆಳಗೆಲ್ಲ ಸ್ನೋಗೆ ಶಾಪ ಹಾಕಿದ ಜನ ಮಧ್ಯಾಹ್ನ ಅದನ್ನೇ ಹುಡುಕಿಕೊಂಡು ಹೊರಡುತ್ತಾರೆ. ಊರಂಚಿನ ಕಾಲುವೆಯಾಚೆ ಹ್ಯಾನ್‌ಕಾಕ್ ಊರಿನ ಮಾಂಟ್ ರಿಪ್ಲಿ ಗುಡ್ಡದಲ್ಲಿ ಸ್ಕೀ. ಕಾಲುವೆ ದಾಟುವ, ನಡುಭಾಗ ಮೇಲೇಳುವ ಲಿಫ್ಟ್ ಬ್ರಿಡ್ಜಿನ ಕೆಳ ಅಂತಸ್ತಿನಲ್ಲಿ ಸ್ನೋಮೊಬೈಲುಗಳ ಸಾಲು. ಇಲ್ಲಿನ ವಿಶ್ವವಿದ್ಯಾಲಯ ಮಿಷಿಗನ್ ಟೆಕ್‌ನ ಹುಡುಗರು ಫೆಬ್ರವರಿಯ ವಿಂಟರ್ ಕಾರ್ನಿವಲ್‌ಗೆಂದು ತಿಂಗಳುಗಟ್ಟಲೆ ಸ್ನೋ ಒಟ್ಟಿ, ಮನೆಯೆತ್ತರದ ಶಿಲ್ಪ ಕಟ್ಟುತ್ತಾರೆ. ನಮ್ಮ ಆರು ಮೂಟೆ ಕೊಡುತ್ತೇವೆಂದರೆ ಯಾರಿಗೂ ಬೇಡ. ಅವರಿಗೆ ಬೆಳ್ಳಗಿರುವುದೇ ಆಗಬೇಕು!

ಈ ಊರು ಬಿಟ್ಟು ಹೋಗದ ಕಾರಣ ಇರುವುದು ಜೂನ್ ತಿಂಗಳಲ್ಲಿ. ಹೋಟನ್ ಇರುವುದು ಈಸ್ಟರ್ನ್ ಟೈಮ್ ಎಂಬ ಕಾಲವಲಯದ ಪಶ್ಚಿಮದ ಅಂಚಿನಲ್ಲಿ. ಜನವರಿಯಲ್ಲಿ ಬೆಳಿಗ್ಗೆ ಎಂಟೂವರೆಯಾದರೂ ಸೂರ್ಯ ಹುಟ್ಟಿರುವುದಿಲ್ಲ, ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಮುಳುಗಿರುವುದಿಲ್ಲ. ಊಟ ಮುಗಿಸಿ ಕಾಲುವೆ ದಂಡೆಗೆ ಹೋದರೆ ಮಕ್ಕಳು ಇನ್ನೂ ನೀರಿಗೆ ಹಾರುತ್ತಿರುತ್ತಾರೆ. ಆಗಸ್ಟಿನಲ್ಲಿ ಕಾಡಂಚಿನಲ್ಲೆಲ್ಲ ಥಿಂಬಲ್‌ಬೆರಿ ಎಂಬ ಕೆಂಪು ಕಾಡುಹಣ್ಣು, ಮುಟ್ಟಿದರೆ ಬೆರಳಲ್ಲೇ ಕರಗುವಷ್ಟು ಮೆತ್ತಗೆ. ಬಾಟಲಿಯಷ್ಟು ಜಾಮ್ ಮಾಡಿಟ್ಟುಕೊಂಡು, ಹೊರಗೆ ಬಿಳುಪು ಬಿಟ್ಟರೆ ಬೇರೆ ಬಣ್ಣವೇ ಇಲ್ಲದ ದಿನ ಚಮಚದಲ್ಲಿ ತಿನ್ನುವುದು.

ಆ ದಿನ ಇವತ್ತೇ. ಹಾಂ, ಸ್ಕೂಪನ್ನು ಬೆಚ್ಚಗಿನ ಗರಾಜಿನಲ್ಲಿ ಇಡಬೇಡಿ, ಬಿಸಿ ತಗಡಿಗೆ ಸ್ನೋ ಅಂಟುತ್ತದೆ. ಹೊರಗೆ ಬಾಗಿಲ ಪಕ್ಕ ಒರಗಿಸಿ. ಪಕ್ಕಕ್ಕೆ ಒಟ್ಟಿದ್ದನ್ನು ಇನ್ನಷ್ಟು ಹಿಂದಕ್ಕೆ ತಳ್ಳಿ ರಸ್ತೆ ಅಗಲ ಮಾಡಲು ಪ್ಲೋದವನು ಸಂಜೆ ಮತ್ತೆ ಬರುತ್ತಾನೆ. ಬಲಗೈ ಖಾಲಿ ಇಟ್ಟುಕೊಂಡಿರಿ.