ಕಿವಿ ಮಡಚಿ ನೋಡುವವರು

ಭಾನುವಾರದಿಂದ ಸಿಟ್ಟು ಇಳಿದಿಲ್ಲ. ಬರೆದರೆ ಇಳಿಯಬಹುದು ಎಂದು ಕುಳಿತಿದ್ದೇನೆ. ಉದ್ದವಾಗುತ್ತದೆ, ಕೆಲಸವಿದ್ದವರು ಮುಂದೆ ಹೋಗಿ.

ಪಕ್ಕದ ಮನೆಯ ಹುಡುಗಿಗೆ ಹೆರಿಗೆಯಾಗಿ ಎಂಟು ದಿನ. ನಾವು ಅಮೆರಿಕದ ಅಟ್ಲಾಂಟಾ ಪಕ್ಕದ ಈ ಡಿಕೇಟರ್‌ಗೆ ಬಂದ ಮೊದಲ ವಾರವೇ ಬಾಗಿಲು ತಟ್ಟಿ, ಕಸದ ಗಾಡಿ ಯಾವ ದಿನ ಬರುತ್ತದೆ ಎಂದು ಹೇಳಿಕೊಟ್ಟ ಮನೆಯವರು ಎಂದು ಹಿಂದೊಮ್ಮೆ ಬರೆದಿದ್ದೆನಲ್ಲ, ಅದೇ ಕಪ್ಪು ಕುಟುಂಬ. ಸ್ಟೀಲ್ ಡಬ್ಬಿಯಲ್ಲಿ ಕೇಸರಿಬಾತು ಹಾಕಿಕೊಂಡು ಹೋದೆ. ಮಗು ಮುತ್ತಜ್ಜಿಯ ತೊಡೆಯ ಮೇಲಿತ್ತು. ಹಾಲಿಗೆ ಎರಡು ಹನಿ ಡಿಕಾಕ್ಷನ್ ಬಿದ್ದಂಥ ಬಣ್ಣ. (ನೋಡಿ, ನನಗೂ ಮೊದಲು ಕಂಡದ್ದು ಬಣ್ಣವೇ.) ಎಂಬತ್ತರ ಹತ್ತಿರದ ಆಕೆ ನನ್ನ ಜೊತೆ ಮಾತನಾಡುತ್ತಲೇ ಹೆಬ್ಬೆರಳಿನಿಂದ ಮಗುವಿನ ಕಿವಿಯ ಮೇಲಂಚನ್ನು ಮೆಲ್ಲಗೆ ಮಡಚಿದರು. ಬಗ್ಗಿ ನೋಡಿದರು. ಆಮೇಲೆ ಪುಟ್ಟ ಮುಷ್ಟಿ ಬಿಡಿಸಿ ಉಗುರಿನ ಬುಡ ನೋಡಿದರು.

"ಇದು ಉಳಿಯುವ ಬಣ್ಣವಲ್ಲ ಬೇಬಿ. ಕಿವಿ ಸುಳ್ಳು ಹೇಳುವುದಿಲ್ಲ" ಎಂದರು ನನಗೆ. ಆಕೆಗೆ ನಾನೂ ಬೇಬಿ, ಅಂಚೆಯವನೂ ಬೇಬಿ.

"ಗ್ರ್ಯಾನಿ!" ಎಂದು ಬಾಣಂತಿ ಸೋಫಾದಿಂದ ಕೂಗಿದ ರಭಸಕ್ಕೆ ಮಗು ಬೆಚ್ಚಿಬಿತ್ತು.

"ನಾನೇನು ಹೇಳಿದೆ? ನೋಡಿದೆ, ಅಷ್ಟೆ."

ಕೂಸು ಮುಂದೆ ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ತಿಳಿಯಲು ತಿಪಟೂರಿನಲ್ಲಿ ನನ್ನ ಅಜ್ಜಿಯೂ ಹೀಗೆಯೇ ಕಿವಿ ಮಡಚುತ್ತಿದ್ದರು. ಎರಡು ಖಂಡಗಳ ಮುದುಕಿಯರಿಗೆ ಒಂದೇ ವಿದ್ಯೆ ಕಲಿಸಿದವರು ಯಾರೋ ಎಂದು ಮನಸ್ಸಿನಲ್ಲೇ ನಗುತ್ತಾ ಮನೆಗೆ ಬಂದೆ. ಸಿಟ್ಟು ಬಂದದ್ದು ಅಲ್ಲಿ ಅಲ್ಲ.

ಅದೇ ಸಂಜೆ ಕನ್ನಡದ ನಾಲ್ಕು ಕುಟುಂಬಗಳ ಊಟ. ಬಾಯಿ ಸುಮ್ಮನಿರದೆ ಈ ಕಥೆ ಹೇಳಿದೆ. ಇಲ್ಲಿಗೆ ಬಂದು ಇಪ್ಪತ್ತೈದು ವರ್ಷವಾದ ಹಿರಿಯರೊಬ್ಬರು ಹೋಳಿಗೆ ಮುರಿಯುತ್ತಾ ತೀರ್ಪು ಕೊಟ್ಟರು: "ನೋಡಿದಿರಾ, ಬಣ್ಣದ ಭೇದ ಅವರಲ್ಲೇ ಇದೆ. ಸುಮ್ಮನೆ ಬಿಳಿಯರನ್ನು ಬೈಯುತ್ತಾರೆ." ಸುತ್ತಲಿನ ತಲೆಗಳು ಆಡಿದವು. ಅಂತರ್ಜಾಲದ ಈ ಗೋಡೆಯ ಮೇಲೆ ದಿನಕ್ಕೊಂದು ಜಗಳ ಹೂಡುವ ನಾನು ಏನು ಮಾಡಿದೆ ಗೊತ್ತೇ? ಇನ್ನೊಂದು ಸೌಟು ಸಾರು ಬಡಿಸಿಕೊಂಡೆ. ಆ ಮೌನಕ್ಕೇ ಈಗ ಬಡ್ಡಿ ಕಟ್ಟುತ್ತಿದ್ದೇನೆ.

ಅವರಲ್ಲೇ ಇದೆ. ಸರಿ ಸ್ವಾಮಿ, ಇದೆ. ಅಲ್ಲಿಗೆ ಬಂದದ್ದು ಎಲ್ಲಿಂದ?

1662ರಲ್ಲಿ ವರ್ಜೀನಿಯಾ ಒಂದು ಕಾನೂನು ಮಾಡಿತು: ಮಗು ಸ್ವತಂತ್ರವೋ ಗುಲಾಮವೋ ಎಂಬುದು ತಾಯಿಯ ಸ್ಥಿತಿಯಿಂದಲೇ ತೀರ್ಮಾನವಾಗಬೇಕು. ತಂದೆ ತೋಟದ ಧಣಿಯೇ ಆಗಿದ್ದರೂ ತಾಯಿ ಗುಲಾಮಳಾದರೆ ಮಗು ಗುಲಾಮ. ನನ್ನ ಕಸುಬು ನಿಮಗೆ ಗೊತ್ತು, ಊರವರ ಲೆಕ್ಕಪತ್ರ ನೋಡುವುದು. ಹೆತ್ತ ಮಗುವನ್ನೇ ಆಸ್ತಿಯ ಕಾಲಮ್ಮಿನಲ್ಲಿ ಬರೆದುಕೊಳ್ಳಲು ಅಪ್ಪನಿಗೆ ಅನುಮತಿ ಕೊಟ್ಟ ಕಾನೂನು ಅದು. ಹಾಗೆ ಹುಟ್ಟಿದ ತಿಳಿಬಣ್ಣದ ಮಕ್ಕಳಲ್ಲಿ ಬಹುಪಾಲು ಗುಲಾಮರಾಗಿಯೇ ಸತ್ತರು. ಕೆಲವರಿಗೆ ಮಾತ್ರ ಹೊಲದ ಬದಲು ಮನೆಯೊಳಗಿನ ಚಾಕರಿ, ಒಂದಿಷ್ಟು ಕಸುಬು, ಅಪರೂಪಕ್ಕೆ ಬಿಡುಗಡೆಯ ಪತ್ರ ಸಿಕ್ಕಿತು. ಆದ್ದರಿಂದ ದಕ್ಷಿಣದ ಪಟ್ಟಣಗಳಲ್ಲಿ ಸ್ವತಂತ್ರರಾಗಿದ್ದ ಕಪ್ಪು ಜನರಲ್ಲಿ ತಿಳಿಬಣ್ಣದವರ ಪಾಲು ಹೆಚ್ಚಿತ್ತು. ಅಂಗಡಿ, ಅಕ್ಷರ, ತುಂಡು ಜಮೀನು ಮೊದಲು ಬಂದದ್ದೂ ಅವರ ಕೈಗೆ. ಕೈಗೆ ಬಂದದ್ದನ್ನು ಯಾರು ಬಿಡುತ್ತಾರೆ? ಅವರೂ ಬಿಡಲಿಲ್ಲ, ಸುತ್ತ ಬೇಲಿ ಹಾಕಿಕೊಂಡರು.

ಬೇಲಿ ಎಂದದ್ದು ಅಲಂಕಾರಕ್ಕಲ್ಲ. ಸೌತ್ ಕ್ಯಾರೊಲಿನಾದ ಚಾರ್ಲ್‌ಸ್ಟನ್‌ನಲ್ಲಿ 1790ರಲ್ಲಿ ತಿಳಿಬಣ್ಣದ ಸ್ವತಂತ್ರ ಗಂಡಸರು ಬ್ರೌನ್ ಫೆಲೋಶಿಪ್ ಸೊಸೈಟಿ ಎಂಬ ಸಂಘ ಕಟ್ಟಿಕೊಂಡರು. ವಿಧವೆಯರಿಗೆ ನೆರವು, ಅನಾಥ ಮಕ್ಕಳ ಓದು, ಸ್ವಂತ ಸ್ಮಶಾನ, ಎಲ್ಲವೂ ಒಳ್ಳೆಯ ಕೆಲಸವೇ. ಗಾಢಬಣ್ಣದವರಿಗೆ ಮಾತ್ರ ಒಳಗೆ ಪ್ರವೇಶವಿಲ್ಲ. 1843ರಲ್ಲಿ ಅವರು ತಮ್ಮದೇ ಇನ್ನೊಂದು ಸಂಘ ಮಾಡಿಕೊಂಡರು, ಪಕ್ಕದಲ್ಲೇ ಇನ್ನೊಂದು ಸ್ಮಶಾನ. ನಡುವೆ ಬೇಲಿ. ಹುಳ ಆ ಕಡೆಯಿಂದ ಈ ಕಡೆಗೆ ಬರುವಾಗ ಬಣ್ಣ ಕೇಳಿತೋ ಇಲ್ಲವೋ. ಕಳೆದ ಶತಮಾನದಲ್ಲಿ ಬ್ರೌನ್ ಫೆಲೋಶಿಪ್‌ನ ಆ ಗೋರಿಗಳ ಮೇಲೆಯೇ ಡಾಂಬರು ಹಾಕಿ ಕಾರು ನಿಲ್ಲಿಸಿದರು. ಅಲ್ಲಿ ಈಗ ಕಾಲೇಜಿನ ಗ್ರಂಥಾಲಯವಿದೆ.

ಇದನ್ನೆಲ್ಲ ಹೇಳಿದ್ದರೆ ಹೋಳಿಗೆಯ ಹಿರಿಯರು ಏನೆನ್ನುತ್ತಿದ್ದರು ಎಂದು ಬಲ್ಲೆ. ಅದು ಗುಲಾಮಗಿರಿಯ ಕಾಲ, ಈಗಲೂ ಅಜ್ಜಿ ಯಾಕೆ ಕಿವಿ ಮಡಚಬೇಕು?

ಯಾಕೆಂದರೆ ಆಕೆಗೆ ಒಬ್ಬ ಅಕ್ಕ ಇದ್ದರು. ಹೋದ ವರ್ಷ ಜಗುಲಿಯಲ್ಲಿ ಕುಳಿತು ನಾವಿಬ್ಬರೂ ಕಾಳು ಬಿಡಿಸುತ್ತಿದ್ದಾಗ ಹೇಳಿದ ಕಥೆ ಇದು. (ನಮ್ಮ ಅವರೆಯ ತಂಗಿಯಂಥ ಕಾಳು, ಸೊಗಡು ಮಾತ್ರ ಇಲ್ಲ.) ಒಂದೇ ತಾಯಿ, ಒಂದೇ ತಂದೆ. ಅಕ್ಕ ಬೆಳ್ಳಗಿದ್ದಳು, ಇಲ್ಲಿಯವರ ಬಾಯಲ್ಲಿ ರೆಡ್‌ಬೋನ್. ಇಬ್ಬರೂ ಒಂದೇ ದಿನ ಅಟ್ಲಾಂಟಾದ ಒಂದು ದೊಡ್ಡ ಅಂಗಡಿಗೆ ಕೆಲಸ ಕೇಳಿಕೊಂಡು ಹೋದರು. ಅಕ್ಕನಿಗೆ ಲಿಫ್ಟ್ ನಡೆಸುವ ಕೆಲಸ, ಬಿಳಿ ಕೈಗವಸು, ವಾರಕ್ಕೆ ಮೂರು ಡಾಲರ್ ಜಾಸ್ತಿ. ತಂಗಿಗೆ ನೆಲಮಾಳಿಗೆಯಲ್ಲಿ ಇಸ್ತ್ರಿ. ಲಿಫ್ಟಿನಲ್ಲೇ ಅಕ್ಕನಿಗೆ ವಿಮಾ ಕಂಪನಿಯ ಗುಮಾಸ್ತನೊಬ್ಬನ ಪರಿಚಯವಾಯಿತು. ಮದುವೆ, ಸ್ವಂತ ಮನೆ, ಮಕ್ಕಳಿಗೆ ಕಾಲೇಜು. "ಅವಳು ಮೇಲೆ ಹೋದಳು ಬೇಬಿ, ನಾನು ಬಟ್ಟೆ ಮಡಚಿದೆ" ಎಂದು ಹೇಳಿ ಇನ್ನೊಂದು ಕಾಯಿ ಕೈಗೆತ್ತಿಕೊಂಡರು. ಸ್ವರದಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ವಾರಕ್ಕೆ ಮೂರು ಡಾಲರ್ ಎಂಬುದು ಮಾತ್ರ ಅರವತ್ತು ವರ್ಷಗಳ ನಂತರವೂ ನೆನಪಿತ್ತು.

ಆ ಇಬ್ಬರಲ್ಲಿ ಯಾರು ಎಲ್ಲಿ ನಿಲ್ಲಬೇಕು ಎಂದು ವಿಂಗಡಿಸಿದ್ದು ಅಂಗಡಿಯ ಬಿಳಿಯ ಯಜಮಾನ. ಅಜ್ಜಿಯಲ್ಲ, ಅಕ್ಕನೂ ಅಲ್ಲ. ಅವರಲ್ಲೇ ಇದೆಯಂತೆ!

ಅದೂ ಹಳೆಯದಾಯಿತೇ? ನಮ್ಮ ಮನೆಯಿಂದ ಒಂದೂವರೆ ಗಂಟೆಯ ದಾರಿ, ಏಥೆನ್ಸ್‌ನ ಜಾರ್ಜಿಯಾ ವಿಶ್ವವಿದ್ಯಾಲಯ. ಅಲ್ಲಿ 2006ರಲ್ಲಿ ಒಂದು ಅಧ್ಯಯನ ನಡೆಯಿತು. ಒಬ್ಬನೇ ಕಪ್ಪು ಯುವಕನ ಭಾವಚಿತ್ರವನ್ನು ಕಂಪ್ಯೂಟರಿನಲ್ಲಿ ತಿಳಿಯಾಗಿಸಿ, ಗಾಢವಾಗಿಸಿ, ಬೇರೆ ಬೇರೆ ಬಯೊಡೇಟಾಗಳಿಗೆ ಅಂಟಿಸಿ, ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು. ಬರೀ ಪದವಿ ಇದ್ದ ತಿಳಿಬಣ್ಣದ ಮುಖ, ಎಂಬಿಎ ಮಾಡಿ ಮ್ಯಾನೇಜರ್ ಆಗಿದ್ದ ಗಾಢಬಣ್ಣದ ಮುಖವನ್ನು ಹಿಂದೆ ಹಾಕಿತು. ಅಂಕ ಹಾಕಿದ ವಿದ್ಯಾರ್ಥಿಗಳಲ್ಲಿ ಬಹುಪಾಲು ಬಿಳಿಯರು. ನಾರ್ತ್ ಕ್ಯಾರೊಲಿನಾದ ಜೈಲುಗಳಲ್ಲಿದ್ದ 12,000ಕ್ಕೂ ಹೆಚ್ಚು ಕಪ್ಪು ಹೆಂಗಸರ ದಾಖಲೆಗಳನ್ನು ತೆಗೆದು ನೋಡಿದ 2011ರ ಅಧ್ಯಯನದಲ್ಲಿ, ತಿಳಿಬಣ್ಣದವರು ಎಂದು ನಮೂದಾದವರ ಶಿಕ್ಷೆ ಉಳಿದವರದಕ್ಕಿಂತ ಸುಮಾರು ಶೇ 12ರಷ್ಟು ಕಡಿಮೆ ಇತ್ತು. ನನ್ನ ಕ್ಯಾಲ್ಕುಲೇಟರ್ ಕೈಯಲ್ಲೇ ಇದೆ: ಹತ್ತು ವರ್ಷದ ಶಿಕ್ಷೆ ಎಂದರೆ ಹದಿನಾಲ್ಕು ತಿಂಗಳು. ಒಂದು ಕೂಸು ಹುಟ್ಟಿ ಹೆಜ್ಜೆ ಇಡುವಷ್ಟು ಕಾಲ. ಆ ತೀರ್ಪು ಬರೆದ ಕೈ ನನ್ನ ಪಕ್ಕದ ಮನೆಯ ಮುತ್ತಜ್ಜಿಯದೇ?

ಊಟದ ಮನೆಯ ಒಡತಿ ಮೆತ್ತಗೆ ಇನ್ನೊಂದು ಮಾತು ಸೇರಿಸಿದ್ದರು: ಈಗ ಕಾಲ ಬದಲಾಗಿದೆ, ಗಾಢಬಣ್ಣದ ನಟಿಯರಿಗೆ ಆಸ್ಕರ್ ಬರುತ್ತಿದೆ. ಬಂತು, ನಾನೂ ಟಿವಿಯ ಮುಂದೆ ಕುಳಿತು ಕುಣಿದೆ. ಲುಪಿಟಾ ನ್ಯೊಂಗೊ ಆ ಪ್ರಶಸ್ತಿ ಎತ್ತಿದ್ದು 2014ರ ಮಾರ್ಚ್‌ನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಕಪ್ಪು ರ‍್ಯಾಪ್ ತಂಡವೊಂದರ ಕುರಿತ ಹಾಲಿವುಡ್ ಚಿತ್ರಕ್ಕೆ ಹುಡುಗಿಯರು ಬೇಕೆಂಬ ಪ್ರಕಟಣೆ ಹೊರಬಿತ್ತು. ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆ, ಮೊಟ್ಟೆ ವಿಂಗಡಿಸಿದ ಹಾಗೆ. ಬಿ ದರ್ಜೆಗೆ ತಿಳಿಬಣ್ಣ ಇರಬೇಕು, ಮಾದರಿಗೆ ಗಾಯಕಿ ಬಿಯಾನ್ಸೆ. ಕೊನೆಯ ಡಿ ದರ್ಜೆಗೆ ಬಡವರು, ಮೈಕಟ್ಟು ಚೆನ್ನಾಗಿಲ್ಲದವರು, ಬಣ್ಣ ಮಧ್ಯಮದಿಂದ ಗಾಢ. ಗಲಾಟೆಯಾದ ಮೇಲೆ ಕ್ಷಮೆ ಕೇಳಿದರು. ಬಡತನವನ್ನೂ ಬಣ್ಣವನ್ನೂ ಒಂದೇ ಸಾಲಿನಲ್ಲಿ ಬರೆದುಬಿಡುವ ಆ ಅಭ್ಯಾಸ ಒಂದು ಕ್ಷಮೆಯಿಂದ ಹೋಗುತ್ತದೆಯೇ?

ಬೆಳ್ಳಗಿರುವವರಿಗೂ ಕಷ್ಟವಿಲ್ಲವೇ ಎಂದು ಕೇಳುವವರಿಗೂ ಉತ್ತರ ಹೇಳಿಬಿಡುತ್ತೇನೆ. ಇದೆ. ನೀನು ನಿಜವಾಗಿ ನಮ್ಮವಳೇ ಎಂಬ ಪ್ರಶ್ನೆ ಅವರನ್ನು ಶಾಲೆಯಿಂದಲೇ ಹಿಂಬಾಲಿಸುತ್ತದೆ. ಇಲ್ಲಿಯ ತೆರಿಗೆ ಕಚೇರಿಯಲ್ಲಿ ತಿಳಿಬಣ್ಣದ ಕಪ್ಪು ಗುಮಾಸ್ತೆಯೊಬ್ಬರು, ತನ್ನ ಗಾಢಬಣ್ಣದ ಮೇಲಧಿಕಾರಿ ಬಣ್ಣದ ಕಾರಣಕ್ಕೆ ಕಾಡಿದರು ಎಂದು ಮೊಕದ್ದಮೆ ಹೂಡಿದ್ದರು. 1964ರ ನಾಗರಿಕ ಹಕ್ಕುಗಳ ಕಾಯಿದೆಯಲ್ಲಿ ಜನಾಂಗ ಬೇರೆ, ಬಣ್ಣ ಬೇರೆ ಎಂದೇ ಬರೆದಿದೆ, ಒಂದೇ ಜನಾಂಗದವರ ನಡುವೆಯೂ ಇಂಥ ದೂರು ನಿಲ್ಲುತ್ತದೆ ಎಂದು 1989ರಲ್ಲಿ ಅಟ್ಲಾಂಟಾದ ನ್ಯಾಯಾಲಯ ಹೇಳಿತು. ಒಪ್ಪಿದೆ. ಅವಮಾನ ಅವಮಾನವೇ. ಆದರೆ ವರ್ಷದ ಕೊನೆಗೆ ಲೆಕ್ಕ ಹಾಕಿದಾಗ ಸಂಬಳ ಯಾರ ಕಡೆ ಕಡಿಮೆ, ಸೆರೆವಾಸ ಯಾರ ಕಡೆ ಹೆಚ್ಚು ಎಂಬ ಪ್ರಶ್ನೆಗೆ ಉತ್ತರ ಬದಲಾಗುವುದಿಲ್ಲ.

ಇಷ್ಟು ಗರ್ಜಿಸುವವಳು ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಒಂಬತ್ತು ವರ್ಷದ ಹಿಂದೆ, ಇದೇ ಊರಿನ ಆಸ್ಪತ್ರೆಯಲ್ಲಿ, ಗಂಡ ಕಾಫಿ ತರಲು ಕೆಳಗೆ ಹೋದಾಗ ನಾನೂ ಮಗಳ ಕಿವಿ ಮಡಚಿ ನೋಡಿದ್ದೆ. ಆಮೇಲೆ ಕಿಟಕಿಯ ಹತ್ತಿರ ಹಿಡಿದು, ಬೆಳಕು ಜಾಸ್ತಿ ಮಾಡಿ, ತೆಗೆದ ಹನ್ನೊಂದು ಫೋಟೊಗಳಲ್ಲಿ ಅತ್ಯಂತ ಬೆಳ್ಳಗೆ ಬಂದದ್ದನ್ನು ತಿಪಟೂರಿಗೆ ಕಳುಹಿಸಿದೆ. "ಸದ್ಯ, ಅಪ್ಪನ ಬಣ್ಣ ಬಂದಿಲ್ಲ" ಎಂದು ಅಮ್ಮ ಉತ್ತರಿಸಿದರು. ನಾನು ನಗುವ ಮುಖದ ಚಿತ್ರ ಹಾಕಿದೆ. ನನ್ನ ಗಂಡ ಇದನ್ನು ಈಗ ಓದುತ್ತಾರೆ. ಓದಲಿ.

ನಿನ್ನೆ ಸಂಜೆ ಬಾಣಂತಿಯೇ ಡಬ್ಬಿ ವಾಪಸ್ಸು ಕೊಡಲು ಬಂದಿದ್ದಳು. ತೊಳೆದು ಒರೆಸಿ, ಒಳಗೆ ಪೀಚ್ ಹಣ್ಣಿನ ಸಿಹಿ ಹಾಕಿ. ಮಗುವನ್ನು ಎದೆಗೆ ಕಟ್ಟಿಕೊಂಡಿದ್ದಳು. ಜೂನ್ ತಿಂಗಳು, ಆರು ಗಂಟೆಯಾದರೂ ಬೆವರು ಹರಿಯುವ ಸೆಖೆ. ಆ ಕೂಸಿನ ತಲೆಗೆ ಉಣ್ಣೆಯ ಟೋಪಿ, ಎರಡೂ ಕಿವಿಗಳ ಮೇಲೆ ಬಿಗಿಯಾಗಿ ಎಳೆದದ್ದು.

"ಸೆಖೆಯಾಗುವುದಿಲ್ಲವೇ ಮಗುವಿಗೆ?" ಎಂದೆ.

"ಆಗುತ್ತದೆ" ಎಂದಳು. ಅವರ ಜಗುಲಿಯ ಕಡೆ ಒಮ್ಮೆ ತಿರುಗಿ ನೋಡಿ, ಟೋಪಿಯನ್ನು ಇನ್ನೊಂದಿಷ್ಟು ಕೆಳಗೆ ಎಳೆದಳು.