ಇರಾನಿನ ಹೆಣ್ಣುಮಕ್ಕಳಿಗಾಗಿ ಆಜಾದ್ ಪಾರ್ಕಿನಲ್ಲಿ ದೀಪ ಹಿಡಿಯಬೇಕೆ?

ಪರ

ಚಿಕ್ಕಮಗಳೂರಿನವರು ಯಾವ ಅಹವಾಲಿದ್ದರೂ ಬಂದು ನಿಲ್ಲುವುದು ಆಜಾದ್ ಪಾರ್ಕ್ ವೃತ್ತದಲ್ಲಿ. ‘ಆಜಾದ್’ ಎಂಬುದು ಇರಾನಿನ ಭಾಷೆಯಾದ ಪಾರಸಿಯಿಂದ ಬಂದ ಮಾತು. ತಲೆವಸ್ತ್ರ ಸರಿಯಾಗಿಲ್ಲವೆಂದು ನೀತಿ ಪೊಲೀಸರು ಹಿಡಿದೊಯ್ದಿದ್ದ 22 ವರ್ಷದ ಮಹ್ಸಾ ಅಮೀನಿ 2022ರ ಸೆಪ್ಟೆಂಬರ್ 16ರಂದು ಟೆಹರಾನಿನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದಾಗ, ಇರಾನಿನ ಹೆಣ್ಣುಮಕ್ಕಳು ‘ಜನ್, ಜೆಂದೆಗಿ, ಆಜಾದಿ’, ಅಂದರೆ ಹೆಣ್ಣು, ಬದುಕು, ಸ್ವಾತಂತ್ರ್ಯ ಎಂದು ಕೂಗುತ್ತ ಬೀದಿಗಿಳಿದರು. ಆ ಕೂಗಿನ ಒಂದು ಪದವನ್ನು ನಾವು ದಿನವೂ ಆಟೊದವರಿಗೆ ವಿಳಾಸ ಹೇಳುವಾಗ ಆಡುತ್ತೇವೆ.

ಮಲೆನಾಡಿನಲ್ಲಿ ಹತ್ತು ಜನ ನಿಂತರೆ ಟೆಹರಾನಿನಲ್ಲಿ ಏನಾದೀತು ಎಂದು ಕೇಳುವವರು ನಮ್ಮದೇ ತುರ್ತು ಪರಿಸ್ಥಿತಿಯನ್ನು ನೆನೆಯಬೇಕು. ಆಗ ನೆರೆಯ ಹಾಸನ ಜಿಲ್ಲೆಯ ಎಚ್.ಡಿ. ದೇವೇಗೌಡರು ಬೆಂಗಳೂರಿನ ಸೆರೆಮನೆಯಲ್ಲಿದ್ದರು. ಅಲ್ಲಿಯೇ ಉಬ್ಬಸದಿಂದ ನರಳಿದ ನಟಿ ಸ್ನೇಹಲತಾ ರೆಡ್ಡಿಯವರು ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಇಲ್ಲಿನ ಪತ್ರಿಕೆಗಳು ಸೆನ್ಸಾರಿಗೆ ಸಿಕ್ಕಿದ್ದ ಆ ದಿನಗಳಲ್ಲಿ ಜಯಪ್ರಕಾಶ ನಾರಾಯಣರ ಬಿಡುಗಡೆಗಾಗಿ ಲಂಡನ್ನಿನಲ್ಲಿ ಅಭಿಯಾನ ನಡೆಯಿತು. ಅದರಿಂದಲೇ ತುರ್ತು ಪರಿಸ್ಥಿತಿ ಮುಗಿಯಿತೆಂದು ನಾನು ಹೇಳಲಾರೆ. ಆದರೆ ನಮ್ಮ ಬಾಯಿ ಕಟ್ಟಿದ್ದಾಗ ನಮ್ಮ ಪರವಾಗಿ ಯಾರೋ ದೂರದಲ್ಲಿ ಆಡಿದ ಮಾತು ಅದು, ಮತ್ತು ಆ ಋಣ ಇನ್ನೂ ನಮ್ಮ ಮೇಲಿದೆ.

ಇರಾನಿನ ಮಾನವ ಹಕ್ಕುಗಳ ಹೋರಾಟಗಾರ್ತಿ ನರ್ಗೆಸ್ ಮೊಹಮ್ಮದಿಯವರಿಗೆ 2023ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಅವರು ಟೆಹರಾನಿನ ಎವಿನ್ ಸೆರೆಮನೆಯಲ್ಲಿದ್ದರು. ಓಸ್ಲೊದಲ್ಲಿ ಅದನ್ನು ಸ್ವೀಕರಿಸಿದವರು ಅವರ ಅವಳಿ ಮಕ್ಕಳು. ಸೆರೆಯಲ್ಲಿರುವವರನ್ನು ಲೋಕ ಮರೆತರೆ ಸೆರೆಯಿಟ್ಟವರ ಕೆಲಸ ಹಗುರವಾಗುತ್ತದೆ. ಸೋನೆ ಮಳೆಗೆ ಆರದಂತೆ ಮೇಣದಬತ್ತಿಯನ್ನು ತೆಂಗಿನ ಚಿಪ್ಪಿನೊಳಗೆ ನಿಲ್ಲಿಸಿ, ಬಂಧಿತರೊಬ್ಬರ ಹೆಸರು ಬರೆದ ರಟ್ಟು ಹಿಡಿದು, ಘೋಷಣೆಯಿಲ್ಲದೆ ಅರ್ಧ ಗಂಟೆ ನಿಲ್ಲೋಣ. ಮನೆಗೆ ಹೋಗಿ ದೆಹಲಿಯ ಇರಾನ್ ರಾಯಭಾರ ಕಚೇರಿಗೆ ತಲಾ ಒಂದು ಕಾಗದ ಬರೆಯೋಣ.

ವಿರೋಧ

ದೀಪ ಹಿಡಿಯಲು ಹೊರಟವರ ಮನಸ್ಸಿನ ಬಗ್ಗೆ ನನಗೆ ಅನುಮಾನವಿಲ್ಲ. ನನ್ನ ಆತಂಕ ಆ ದೀಪವನ್ನು ನೋಡುವವರ ಬಗ್ಗೆ. 2022ರ ಫೆಬ್ರುವರಿಯಲ್ಲಿ ಕರ್ನಾಟಕದ ಕಾಲೇಜುಗಳ ಗೇಟಿನಲ್ಲಿ ಹಿಜಾಬ್ ತೊಟ್ಟ ವಿದ್ಯಾರ್ಥಿನಿಯರನ್ನು ತಡೆಯಲಾಯಿತು. ಮಾರ್ಚ್ 15ರಂದು ಹೈಕೋರ್ಟ್ ಸಮವಸ್ತ್ರದ ಕುರಿತ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಮಹ್ಸಾ ತೀರಿಕೊಂಡು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 13ರಂದು, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅಲ್ಲಿ ತೊಡದಿದ್ದರೆ ಲಾಠಿ, ಇಲ್ಲಿ ತೊಟ್ಟರೆ ತರಗತಿಯಿಲ್ಲ. ಬಾಬಾಬುಡನ್‌ಗಿರಿಯ ವಿವಾದದಲ್ಲಿ ದಶಕಗಳಿಂದ ಬೇಯುತ್ತಿರುವ ಈ ಊರಿನಲ್ಲಿ ಇರಾನಿನ ಹೆಸರೆತ್ತಿದರೆ, ಅದು ಟೆಹರಾನಿನ ಹುಡುಗಿಯ ಪರವಾದ ಮಾತಾಗಿ ಉಳಿಯದೆ ಪಕ್ಕದ ಬೀದಿಯ ಹುಡುಗಿಯತ್ತ ಬೊಟ್ಟು ಮಾಡುವ ಮಾತಾಗುತ್ತದೆ.

ಚುನಾಯಿತ ಪ್ರಧಾನಿ ಮೊಸಾದ್ದೆಗ್ ಅವರನ್ನು 1953ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಗುಪ್ತಚರರು ಸೇರಿ ಉರುಳಿಸಿದ ನೆನಪು ಇರಾನಿಗಿದೆ. 2022ರ ಅಕ್ಟೋಬರಿನಲ್ಲಿ ಇರಾನಿನ ಸರ್ವೋಚ್ಚ ನಾಯಕರಾಗಿದ್ದ ಖಮೇನಿಯವರು ಪ್ರತಿಭಟನೆಯ ಹೊಣೆಯನ್ನು ಅಮೆರಿಕ, ಇಸ್ರೇಲ್‌ಗಳ ತಲೆಗೆ ಕಟ್ಟಿದ್ದು ಅದೇ ಗಾಯವನ್ನು ಕೆದಕಿ. ಹೊರಗಿನಿಂದ ಬರುವ ಪ್ರತಿಯೊಂದು ಕೂಗೂ ಆ ಆರೋಪಕ್ಕೆ ಸಾಕ್ಷಿಯಾಗಬಲ್ಲದು, ಅದರ ದಂಡ ತೆರುವವರು ಒಳಗಿದ್ದವರು. ಲೋಕದ ಎಷ್ಟೋ ನಗರಗಳಲ್ಲಿ ಜನ ಬೀದಿಗಿಳಿದಿದ್ದರೂ ಡಿಸೆಂಬರ್ 8ರಂದು, ಪ್ರತಿಭಟನೆಯಲ್ಲಿ ಬಂಧಿತನಾಗಿದ್ದ ಮೊಹ್ಸೆನ್ ಶೆಕಾರಿ ಎಂಬ ಯುವಕನನ್ನು ಗಲ್ಲಿಗೇರಿಸಲಾಯಿತು.

ಆ ದಿನಗಳಲ್ಲಿ ನನ್ನ ಅಕ್ಕನ ಮಗಳು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು: ತಲೆವಸ್ತ್ರಕ್ಕೆ ಬೆಂಕಿ ಹಚ್ಚುತ್ತಿರುವ ಹುಡುಗಿ, ಬೆಂಕಿಯ ಬೆಳಕಿನಲ್ಲಿ ಹುಬ್ಬಿನ ಮೇಲಿನ ಮಚ್ಚೆಯೂ ಕಾಣುವಷ್ಟು ಸ್ಪಷ್ಟವಾದ ಮುಖ. ಬೆಂಬಲವೆಂದು ಅವಳ ಗೆಳತಿಯರೆಲ್ಲ ಅದನ್ನು ಹಂಚಿದ್ದರು. ಆ ಹುಡುಗಿ ಈಗೆಲ್ಲಿದ್ದಾಳೆ ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ, ಆ ವಿಡಿಯೊ ಅಳಿಸಿದಳು.